ಸೈಕಲ್ಲಿನ ಕುತ್ತಿಗೆ, ನನ್ನ ಕುತ್ತಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಊರುಗಳ ನಡುವಿನ ರಸ್ತೆಗಳಲ್ಲಿ ನನ್ನಷ್ಟು ದೂರ ಕೈಬಿಟ್ಟು ಸೈಕಲ್ ಹೊಡೆದವನು ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಮೀಸೆ ಬೋಳಿಸುತ್ತೇನೆ. ಮೀಸೆ ಈಗ ನಾಲ್ಕು ಬಿಳಿ ಕೂದಲಷ್ಟೇ ಉಳಿದಿದೆ, ಆ ಮಾತು ಬೇರೆ.

ಕೈಬಿಟ್ಟು ಅಂದರೆ ಸುಮ್ಮನೆ ಎರಡು ಮಾರು ಹೋಗಿ ಮತ್ತೆ ಹ್ಯಾಂಡಲ್ ಹಿಡಿದುಕೊಳ್ಳುವುದಲ್ಲ. ಸೈಕಲ್ ಓಡುತ್ತಿರುವಾಗಲೇ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಳ್ಳುತ್ತಿದ್ದೆ. ಎಲೆಗೆ ಸುಣ್ಣ ಸವರಿ ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಜೇಬಿನಿಂದ ಶೇಂಗಾ ತೆಗೆದು, ಸುಲಿದು, ಸಿಪ್ಪೆಯನ್ನು ಇನ್ನೊಂದು ಜೇಬಿಗೆ ಹಾಕುತ್ತಿದ್ದೆ, ರಸ್ತೆ ಗಲೀಜಾಗಬಾರದಲ್ಲ. ಹ್ಯಾಂಡಲ್ ಮೇಲೆ ಕೈ ಇಡುವುದು ಹೊಸದಾಗಿ ಕಲಿಯುವವರ ಕೆಲಸ ಎಂದು ನಂಬಿದ್ದೆ. ನಿಜ ಹೇಳಬೇಕೆಂದರೆ ನನ್ನ ಕೈಗಳು ಹುಟ್ಟಿನಿಂದಲೇ ಒಂದು ಕಡೆ ನಿಲ್ಲುವ ಕೈಗಳಲ್ಲ. ಮನೆಯಲ್ಲಿ ಸುಮ್ಮನೆ ಕೂತರೂ ಕಂಬ ತಟ್ಟುತ್ತಿದ್ದವು, ಚಾಪೆಯ ಎಳೆ ಕೀಳುತ್ತಿದ್ದವು, ಮಲಗಿದ್ದ ಬೆಕ್ಕಿನ ಬಾಲಕ್ಕೆ ದಾರ ಕಟ್ಟುತ್ತಿದ್ದವು. ನನ್ನ ಹೆಂಡತಿ ಎದುರಿಗೆ ಒಂದು ಮೊರ ಹುಣಸೆಹಣ್ಣು ತಂದಿಟ್ಟು, "ಆ ಕೈಗೋಳಿಗಿ ಏನರ ಕೆಲಸ ಕೊಡ್ರಿ, ನೋಡಿದ್ರ ನನಗ ತಲಿ ತಿರುಗತೈತಿ" ಅನ್ನುತ್ತಿದ್ದಳು.

ನಾವಿಬ್ಬರೂ ಕೊಟ್ಟೂರಿನ ಹೊರಗೆ ಒಂದು ಶೇಂಗಾ ಮಿಲ್ಲಿನಲ್ಲಿ ಕೆಲಸಕ್ಕಿದ್ದೆವು. ನಾನು ತೂಕದ ಕಟ್ಟೆಯಲ್ಲಿ, ಅವಳು ಬೀಜ ಆರಿಸುವ ಹೆಂಗಸರ ಸಾಲಿನಲ್ಲಿ. ಮನೆಯಿಂದ ಮಿಲ್ಲಿಗೆ ಎರಡು ಮೈಲಿ. ಹದಿನೆಂಟು ವರ್ಷ ಆ ಎರಡು ಮೈಲಿಯನ್ನು ಅವಳು ನನ್ನ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಒಂದು ಮಗ್ಗುಲಿಗೆ ಕೂತು ಬಂದವಳು. ಒಂದು ಕೈ ನನ್ನ ಸೀಟಿನ ಸ್ಪ್ರಿಂಗಿಗೆ, ಇನ್ನೊಂದು ಕೈ ರೊಟ್ಟಿ ಗಂಟಿಗೆ. ಅವಳು ಹಿಂದೆ ಕೂತಾಗ ಮಾತ್ರ ನಾನು ಕೈ ಬಿಡುತ್ತಿರಲಿಲ್ಲ. ಅದು ನಮ್ಮಿಬ್ಬರ ನಡುವಿನ ಕರಾರು, ಮದುವೆಯಾದ ವಾರದಲ್ಲೇ ಆದದ್ದು.

ಆ ಕರಾರನ್ನು ಒಂದು ದಿನ ಮುರಿದೆ. ಊರಿಗೆ ಎಸ್‌ಟಿಡಿ ಬೂತು ಬಂದು ಒಂದೆರಡು ವರ್ಷವಾಗಿತ್ತು. ಬೆಳಿಗ್ಗೆ ಮಿಲ್ಲಿನ ಗೇಟಿಗೆ ಇನ್ನು ಕೂಗಳತೆ ಇದೆ ಅನ್ನುವಾಗ, ಬೀಜ ಆರಿಸುವ ಹೆಂಗಸರ ಗುಂಪು ಮುಂದೆ ನಡೆದು ಹೋಗುತ್ತಿತ್ತು. ಅವರಲ್ಲೊಬ್ಬಳು ತಿರುಗಿ ನೋಡಿ ಕೂಗಿದಳು:

"ಏನಣ್ಣಾ, ಇವತ್ತು ಎರಡೂ ಕೈಲಿ ಹಿಡಕಂಡೀ? ಅಕ್ಕ ಹಿಂದ ಕುಂತಾಳಂತ ಅಂಜಿಕಿ ಏನು?"

ಅಷ್ಟೇ ಸಾಕಾಯಿತು. ನಾನು ಎರಡೂ ಕೈಯನ್ನು ಹದ್ದಿನ ಹಾಗೆ ಚಾಚಿದೆ. ಹೆಂಡತಿ "ರೀ!" ಅಂದಳು. ಹ್ಯಾಂಡಲ್ ಒಂದು ಕಡೆ ಹಿಡಿದುಕೊಂಡಿತು, ನಾನು ಇನ್ನೊಂದು ಕಡೆ ವಾಲಿದೆ, ಸೈಕಲ್ ನಮ್ಮಿಬ್ಬರನ್ನೂ ಕೇಳದೆ ರಸ್ತೆಯ ಪಕ್ಕದ ಜಾಲಿಗಿಡದೊಳಗೆ ಹೋಯಿತು.

ನನಗೆ ಏನೂ ಆಗಲಿಲ್ಲ. ಅವಳ ಬಳೆ ಒಡೆದವು, ಮೊಣಕಾಲು ತರಚಿತು, ಮೊಣಕೈಯಿಂದ ಮುಂಗೈವರೆಗೆ ಜಾಲಿಮುಳ್ಳು. ರೊಟ್ಟಿಗಳು ಮಣ್ಣಲ್ಲಿ ಹರಡಿ ಬಿದ್ದಿದ್ದವು. ಹೆಂಗಸರು ಓಡಿ ಬಂದು ಅವಳನ್ನು ಎಬ್ಬಿಸಿದರು. ಮೊದಲು ಬಗ್ಗಿ ಅವಳ ಕೈ ಹಿಡಿಯಬೇಕಾದವನು ನಾನು ಹ್ಯಾಂಡಲ್ ಹಿಡಿದು ಅಲ್ಲಾಡಿಸುತ್ತಾ, "ಕುತ್ತಿಗಿ ಹಿಡಕಂತು ನೋಡ್ರಿ, ಸೈಕಲ್ ಕುತ್ತಿಗಿದ ತಪ್ಪು" ಅಂದೆ.

ಅವಳು ಸೀರೆ ಕೊಡವಿಕೊಂಡಳು. ಅಳಲಿಲ್ಲ, ಬೈಯಲಿಲ್ಲ.

"ಕುತ್ತಿಗಿದ ತಪ್ಪೇನ್ರಿ? ಆಯ್ತು. ಕುತ್ತಿಗಿ ನೆಟ್ಟಗ ಆಗ್ಲಿ, ಆಮ್ಯಾಲ ಹತ್ತಾದು ಬಿಡಾದು ನೋಡಾಣ."

ಅವತ್ತಿನಿಂದ ಅವಳು ನಡೆದೇ ಮಿಲ್ಲಿಗೆ ಹೋದಳು.

ನಾನೇನು ಮಾಡಲಿ? ಸೈಕಲ್ ಹತ್ತಿ ಮುಂದೆ ಹೋಗಲು ಮನಸ್ಸಿಲ್ಲ. ಎರಡು ಮೈಲಿ ಅವಳ ಪಕ್ಕ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದೆ. ಅವಳು ಎಡಕ್ಕೆ, ನಡುವೆ ಖಾಲಿ ಕ್ಯಾರಿಯರ್, ಬಲಕ್ಕೆ ನಾನು. ಕಾಲು ಓಡು ಅನ್ನುತ್ತಿತ್ತು, ಸೈಕಲ್ ಹತ್ತು ಅನ್ನುತ್ತಿತ್ತು, ಇವಳು ಮಾತ್ರ ಎಷ್ಟು ನಿಧಾನ ನಡೆಯಬಹುದೋ ಅಷ್ಟು ನಿಧಾನ ನಡೆಯುತ್ತಿದ್ದಳು. ಬೆಲ್ ಹೊಡೆಯುತ್ತಿದ್ದೆ, ಬ್ರೇಕ್ ಒತ್ತುತ್ತಿದ್ದೆ, ಪೆಡಲನ್ನು ಹಿಂದಕ್ಕೆ ತಿರುವಿ ಚೈನು ಕಟರ್ ಕಟರ್ ಅನ್ನಿಸುತ್ತಿದ್ದೆ. ಮಿಲ್ಲಿನ ಹೆಂಗಸರಿಗಂತೂ ಹಬ್ಬ.

"ಅಣ್ಣಾ, ಎಮ್ಮಿ ಹೊಡಕಂಡು ಹೊಂಟಂಗ ಹೊಂಟೀಯಲ್ಲ, ಎಷ್ಟು ಲೀಟರ್ ಕೊಡತೈತಿ?"

ಐದೂರು ನಗಿಸಿದವನು ನಾನು. ನನ್ನನ್ನು ನೋಡಿ ನಗುವುದೆಂದರೇನು? ಮೂರನೇ ದಿನ ಬಸ್ ನಿಲ್ದಾಣದ ಹತ್ತಿರ, ಬೇವಿನ ಮರದ ಕೆಳಗಿದ್ದ ಸೈಕಲ್ ಶಾಪಿಗೆ ಹೋದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ಮೂತಿಯ ಕೊಳವೆಯಲ್ಲಿ, ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು ಕೂತಿರುತ್ತವೆ. ಬಟ್ಟಲ ತುಂಬ ಜೋಳದ ಕಾಳಿನಷ್ಟು ಉಕ್ಕಿನ ಗುಂಡುಗಳು. ಆ ಗುಂಡುಗಳ ಮೇಲೆ ಹ್ಯಾಂಡಲ್ಲೂ ಮುಂದಿನ ಗಾಲಿಯೂ ತಿರುಗುತ್ತವೆ. ಎಲ್ಲಕ್ಕಿಂತ ಮೇಲೆ ಬಿಗಿ ಮಾಡುವ ನಟ್ಟು. ಇಷ್ಟನ್ನೂ ಸೇರಿಸಿ ಅಂಗಡಿಯವರು ಹೆಡ್ ಸೆಟ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಕುತ್ತಿಗಿ. ಕುತ್ತಿಗಿ ಸಡಲ ಆಗೈತಿ, ಕುತ್ತಿಗಿ ಹಿಡಿದೈತಿ, ಕುತ್ತಿಗಿ ಹೋಗೈತಿ. ಈ ಮಾತು ನನಗೆ ಏನು ತಂದಿಟ್ಟಿತು ಎಂಬುದು ಮುಂದೆ ಬರುತ್ತದೆ.

ಶಾಪಿನ ಯಜಮಾನ ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ಎರಡು ಬೆರಳಲ್ಲಿ ತಿರುಗಿಸಿದ. ಎಡದಿಂದ ನಡುವಿಗೆ ಬಂತು, ಕಟ್ ಅಂತ ನಿಂತಿತು. ಬಲದಿಂದ ಬಂತು, ಮತ್ತೆ ನಡುವಿನಲ್ಲೇ ಕಟ್.

"ಬಟ್ಟಲದಾಗ ಗುಂಡಿ ಬಿದ್ದಾವ್ರಿ. ಹ್ಯಾಂಡಲ್ ನೆಟ್ಟಗ ಆದ ಕೂಡ್ಲೆ ಗುಂಡು ಹೋಗಿ ಗುಂಡಿಯಾಗ ಕೂತು ಬಿಡ್ತಾವ. ಕೈ ಇಟ್ರ ಹೆಂಗೋ ನಡಿತೈತಿ. ಕೈ ಬಿಟ್ರ ಅದು ಕರದ ಕಡಿ ನೀವು ಹೋಗಬೇಕು."

"ಅದನ್ನ ನಾ ಹೇಳಿದ್ದು ನಮ್ಮಾಕಿಗಿ!" ಅಂದೆ.

"ಎಷ್ಟು ದಿನದಿಂದ ಹಿಡಿತೈತ್ರಿ?"

"ಅವತ್ತಿನಿಂದನ."

ಅವನು ನನ್ನ ಮುಖ ನೋಡಿದ. ಆಮೇಲೆ ಎಣ್ಣೆಯ ಬಟ್ಟೆಗೆ ಬೆರಳು ಒರೆಸಿಕೊಂಡ. "ಒಂದ ದಿನಕ್ಕ ಇಷ್ಟು ಗುಂಡಿ ಬೀಳಂಗಿಲ್ಲ ಬಿಡ್ರಿ" ಎಂದು ತನ್ನಷ್ಟಕ್ಕೆ ಅಂದುಕೊಂಡ.

ಹೊಸ ಕುತ್ತಿಗೆ ನಾನೇ ಆರಿಸುತ್ತೇನೆ ಎಂದೆ. ಕೊಟ್ಟೂರಿನಲ್ಲೇ ಒಂದು ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಸೆಟ್ಟು ಸಿಕ್ಕಿತು. ಅದರಲ್ಲಿ ನನ್ನ ಮುಖ ನೋಡಿಕೊಂಡೆ, ಚೆನ್ನಾಗಿ ಕಂಡಿತು, ತಂದೆ. ಹಾಕಿಸಿದ ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ. ಹೆಂಡತಿ, "ಎಂಟ ದಿನ ಓಡ್ಲಿ" ಅಂದಳು. ಎಂಟನೆಯ ದಿನ ಹ್ಯಾಂಡಲ್ ಮತ್ತೆ ಕಟ್ ಅಂದಿತು. ಬಿಚ್ಚಿ ನೋಡಿದರೆ ಬಟ್ಟಲು ಬೆಣ್ಣೆಯಂಥ ಮೆತ್ತನೆಯ ಲೋಹ, ಗುಂಡುಗಳು ಅಷ್ಟರಲ್ಲೇ ಕಚ್ಚಿಹಾಕಿದ್ದವು.

ಹಗರಿಬೊಮ್ಮನಹಳ್ಳಿಗೆ ಬಸ್ ಹತ್ತಿದೆ. ಅಲ್ಲಿನ ಸೆಟ್ಟು ಗಟ್ಟಿ ಇತ್ತು, ಆದರೆ ಬಟ್ಟಲು ನನ್ನ ಫ್ರೇಮಿಗೆ ಸಡಿಲ. ಶಾಪಿನ ಯಜಮಾನ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಸುತ್ತಿ ಬಡಿದು ಕೂಡಿಸಿದ. ಮೊದಲ ಕಲ್ಲಿಗೇ ಕಟಕಟಕಟ ಎಂದು ಹಲ್ಲು ಕಡಿಯತೊಡಗಿತು. ಕೂಡ್ಲಿಗಿಗೆ ಹೋದೆ. ಬಸ್ಸಿನಲ್ಲಿ ಗುಡೇಕೋಟೆ ಕಡೆಯ ಒಬ್ಬ ಮುದುಕ ತೊಡೆಯ ಮೇಲೆ ಮೇಕೆಮರಿ ಇಟ್ಟುಕೊಂಡು ಕೂತಿದ್ದ. ನಾನು ಹಳೆಯ ಬಟ್ಟಲನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದೆ.

"ಇದೇನು, ಮರಿ ಕೊಳ್ಳಾಗ ಕಟ್ಟ ಗಂಟೇನು?" ಅಂದ.

"ಹೌದು ಯಜಮಾನ್ರ, ನಾಲಿಗಿ ತರಾಕ ಹೊಂಟೀನಿ" ಅಂದೆ. ಮುದುಕ ನಂಬಿಬಿಟ್ಟ. ಇಳಿಯುವವರೆಗೂ ಗಂಟೆಯ ನಾಲಿಗೆ ಯಾವ ಅಂಗಡಿಯಲ್ಲಿ ಚೆನ್ನಾಗಿ ಸಿಗುತ್ತದೆಂದು ಹೇಳಿಕೊಡುತ್ತಲೇ ಇದ್ದ. ಅಂದು ಕೂಡ್ಲಿಗಿಯಲ್ಲಿ ನನಗೆ ಸಿಕ್ಕ ಉಪಯೋಗದ ಮಾತೆಂದರೆ ಅದೊಂದೇ. ಕುತ್ತಿಗೆ ಸಿಕ್ಕಿತು, ಆದರೆ ನಟ್ಟಿನೊಳಗಿನ ಮರೆ, ಅಂದರೆ ತಿರುಪಿನ ಸುತ್ತು, ಮುಂದಿನ ಗಾಲಿ ಹಿಡಿಯುವ ನನ್ನ ಫೋರ್ಕಿಗೆ ಹೊಂದಲಿಲ್ಲ.

ಹಡಗಲಿಗೆ ಹೋದ ದಿನ ಸೈಕಲ್ ಅಂಗಡಿಯೇ ಬಾಗಿಲು ಹಾಕಿತ್ತು, ಮಾಲೀಕರ ಮನೆಯಲ್ಲಿ ಮದುವೆಯಂತೆ. ಬರಿಗೈಲಿ ಬರಬಾರದೆಂದು ಎರಡು ಮೊಳ ಮಲ್ಲಿಗೆ ತಂದೆ. ಹೆಂಡತಿ ಹೂವನ್ನು ಮೂಸಿದಳು, ಮುಡಿದಳು. ಮುಡಿದು, "ಇದನ್ನ ಸೈಕಲ್ ಕುತ್ತಿಗಿಗಿ ಹಾಕಬೇಕಾಗಿತ್ತು, ದಿನಾ ಅದರದ ಧ್ಯಾನ ನಿಮಗ" ಅಂದಳು. ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಬೆಳಿಗ್ಗೆ ಮತ್ತೆ ನಡೆದಳು. ಒಂದು ದಾಸವಾಳದ ಗಿಡ, ಒಂದು ಮುರುಕು ಗೋಡೆ, ಒಂದು ನೀರಿನ ಟ್ಯಾಂಕು, ಆ ಎರಡು ಮೈಲಿಯಲ್ಲಿ ಏನೇನಿದೆ ಎಂದು ನನಗೆ ಬಾಯಿಪಾಠವಾಗಿತ್ತು. ಮೊದಲು ಅವೆಲ್ಲ ಗಾಳಿಯ ಹಾಗೆ ಹಿಂದೆ ಹೋಗುತ್ತಿದ್ದವು. ಈಗ ಒಂದೊಂದೂ ನಿಂತು ನನ್ನನ್ನು ಮಾತಾಡಿಸುತ್ತಿತ್ತು.

ಉಳಿದದ್ದು ಹರಪನಹಳ್ಳಿ. ಅಲ್ಲಿ ನನ್ನ ಭಾಮೈದ, ಹೆಂಡತಿಯ ತಮ್ಮ, ಇದ್ದ. ಅವನ ಮನೆಯಲ್ಲಿ ಫೋನಿಲ್ಲ, ಪಕ್ಕದ ಕಿರಾಣಿ ಅಂಗಡಿಗೆ ಮಾಡಿದರೆ ಹೇಳುತ್ತಿದ್ದರು. ಮಿಲ್ಲಿನ ರಜೆಯ ಹಿಂದಿನ ದಿನ ಎಸ್‌ಟಿಡಿ ಬೂತಿಗೆ ಹೋದೆ. ಲೈನಿನಲ್ಲಿ ಹುರಿಗಡಲೆ ಹುರಿದ ಹಾಗೆ ಸದ್ದು. ಕಿರಾಣಿ ಅಂಗಡಿಯವನು ಎತ್ತಿದ.

"ಹಲೋ! ಕೊಟ್ಟೂರಿಂದ ಮಾತಾಡಾದು! ನಮ್ಮ ಭಾಮೈದಗ ಹೇಳ್ರಿ, ಕುತ್ತಿಗಿ ಹೋಗೈತಿ!"

"ಏನ್ ಹೋಗೈತೆ?"

"ಕುತ್ತಿಗಿ! ಕುತ್ತಿಗಿ! ಲಗೂನ ಏನರ ಮಾಡು ಅಂತ ಹೇಳ್ರಿ!"

"ಯಾರ್ದು ಕುತ್ತಿಗೆ?"

"ನಂದ್ರೀ!"

"ಅಯ್ಯೋ ದೇವರೇ" ಎಂದ. ಲೈನು ಕಟ್ಟಾಯಿತು. ಒಂದು ಸೈಕಲ್ ಸಾಮಾನಿಗೆ ದೇವರನ್ನು ಕರೆಯುವಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಅಂಗಳದ ಹೊರಸಿನ ಮೇಲೆ ಕೂತು ಬೆಕ್ಕಿಗೆ ದಾರ ಕಟ್ಟುತ್ತಿದ್ದೆ. ಬೀದಿ ತುದಿಯಲ್ಲಿ ಭಾಮೈದ ಓಡಿ ಬರುವುದು ಕಂಡಿತು. ಕೈಯಲ್ಲಿ ಎಣ್ಣೆ ಶೀಷೆ. ಹಿಂದೆ ಒಬ್ಬ ದಪ್ಪ ಮೀಸೆಯ ಗಟ್ಟಿ ಆಳು. ಚಿಗಟೇರಿ ಕಡೆಯಲ್ಲಿ ಉಳುಕು ತೆಗೆಯುವುದರಲ್ಲಿ ಹೆಸರು ಮಾಡಿದವನು ಎಂದು ಆಮೇಲೆ ತಿಳಿಯಿತು.

"ಅಕ್ಕಾ! ಮಾವನ ಕುತ್ತಿಗಿ ಏನಾಗೈತಿ? ಜೀವ ಐತೋ ಇಲ್ಲೋ?"

ಹೆಂಡತಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೇರ ನನ್ನ ಮುಖವನ್ನೇ ನೋಡಿದಳು. ಬಿದ್ದ ದಿನದಿಂದ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಕಣ್ಣಲ್ಲಿ ಗಾಬರಿ, ಅದರ ಹಿಂದೆ ಹಳೆಯ ಅಕ್ಕರೆ.

ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಒಂದು ಮಾತು, ಸೈಕಲ್ಲಿಂದು ಅಂದರೆ ಮುಗಿಯುತ್ತಿತ್ತು. ಆದರೆ ಆ ನೋಟ ಕಂಡ ಮೇಲೆ ತಲೆ ತಾನಾಗಿಯೇ ಭುಜಕ್ಕೆ ವಾಲಿತು. "ಆ... ಹಿಡಕಂಡೈತಿ" ಅಂದೆ.

"ನನಗ್ಯಾಕ ಹೇಳ್ಲಿಲ್ಲ? ತಮ್ಮಗ ಫೋನ್ ಮಾಡೀರಿ, ಮನ್ಯಾಗ ಇದ್ದ ನನಗ ಹೇಳಾಕ ಏನಾಗಿತ್ತು?"

"ನೀ ಮೊದ್ಲ ಸಿಟ್ಟಿಲೆ ಇದ್ದಿ..."

ಹರಳೆಣ್ಣೆ ಬಿಸಿಯಾಯಿತು. ಅವಳ ಬೆರಳುಗಳು ನನ್ನ ಕುತ್ತಿಗೆಯ ಮೇಲೆ ಮೆಲ್ಲಗೆ ಓಡಾಡಿದವು. ನಾನು ಕಣ್ಣು ಮುಚ್ಚಿ, ಆಗಾಗ ನರಳುತ್ತಾ, ಇಂಥ ನಾಟಕವನ್ನು ಮೊದಲೇ ಯಾಕೆ ಹೂಡಲಿಲ್ಲ ಎಂದು ಯೋಚಿಸುತ್ತಿದ್ದೆ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಅವಳಿಂದ ನಾಳೆಯಿಂದಲೇ ಸೈಕಲ್ ಹತ್ತುತ್ತೇನೆ ಎಂಬ ಮಾತನ್ನೂ ತೆಗೆದುಕೊಂಡುಬಿಡುತ್ತಿದ್ದೆ. ಅಷ್ಟರಲ್ಲಿ ಮೀಸೆಯವನು ಅಂಗಿಯ ತೋಳು ಮಡಚಿದ.

"ಸರೀರಿ ಯವ್ವಾ. ಎಣ್ಣಿಗೆ ಬಗ್ಗಾದಲ್ಲ ಇದು."

"ಬ್ಯಾಡ್ರಿ, ಈಗ ಕಮ್ಮಿ ಆಗೈತಿ" ಎಂದು ಏಳಹೋದೆ.

"ಎಲ್ಲಾರೂ ಹಂಗ ಅಂತಾರ" ಎಂದವನೇ ಒಂದು ಕೈ ಗದ್ದಕ್ಕೆ, ಒಂದು ಕೈ ಹಿಂದಲೆಗೆ ಹಾಕಿ, ನೀರಿನ ಗಡಿಗೆ ಬಗ್ಗಿಸಿದ ಹಾಗೆ ತಿರುವಿದ. ಲಟಕ್ ಅಂದಿತು. ಅಂಗಳದ ಬೆಕ್ಕು ದಾರ ಸಮೇತ ಮಾಳಿಗೆ ಹತ್ತಿತು. ನನ್ನ ಮುಖ ಎಡಗಡೆಗೆ ತಿರುಗಿದ್ದು ಮತ್ತೆ ವಾಪಸ್ ಬರಲಿಲ್ಲ.

"ಅಯ್ಯಯ್ಯೋ! ಸೈಕಲ್ಲಿಂದೋ ಮಾರಾಯಾ! ಸೈಕಲ್ ಕುತ್ತಿಗಿ ಹೋಗಿತ್ತು, ನಂದಲ್ಲ!"

ಭಾಮೈದ ಶೀಷೆಯ ಬಿರಡೆ ಹಾಕಿದ. "ಹಂಗಾರ ನಾವು ಬಸ್ಸಿನಾಗ ಅಳಕಂತ ಬಂದಿದ್ದು ಸೈಕಲ್ಲಿಗೇನು ಮಾವ?"

ಮೀಸೆಯವನಿಗೆ ನನಗಿಂತ ಹೆಚ್ಚು ನೋವಾಗಿತ್ತು. "ಹಿಡಿಲಾರದ ಕುತ್ತಿಗಿ ತಿರುವಿದ್ರ ಹಿಡಿಯಂಗ ಆಗ್ತೈತಿ. ನಾ ಏನ್ ಮಾಡ್ಲಿ? ಒಂದು ವಾರ ಹಿಂಗ ಇರ್ತೈತಿ. ಮುಟ್ಟಬ್ಯಾಡ್ರಿ."

ಹೆಂಡತಿ ಎಣ್ಣೆಯ ಕೈಯನ್ನು ನನ್ನ ಹೆಗಲ ಮೇಲಿದ್ದ ಟವಲ್ಲಿಗೆ ಒರೆಸಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತದ ಸದ್ದಿನಲ್ಲೇ ನನಗೆ ಎಲ್ಲ ಗೊತ್ತಾಯಿತು.

ಒಂದು ವಾರ ಎಂಬ ಮಾತು ಕೇಳಿದ ಮೇಲೆ ಕೂರಲು ಆಗುತ್ತದೆಯೇ? ಎರಡೇ ದಿನಕ್ಕೆ ಹರಪನಹಳ್ಳಿ ಬಸ್ ಹತ್ತಿದೆ. ಎಡಗಡೆ ಕಿಟಕಿಯ ಸೀಟೇ ಬೇಕಾಯಿತು, ಬಲಗಡೆ ಕೂತರೆ ಪಕ್ಕದವರ ಮುಖಕ್ಕೆ ಮುಖವಿಟ್ಟು ಹೋಗಬೇಕು. ಭಾಮೈದ ಹಳೆಯ ಬಸ್ ನಿಲ್ದಾಣದ ಹಿಂದಿನ ಒಂದು ಸೈಕಲ್ ಅಂಗಡಿಗೆ ಕರೆದೊಯ್ದ. ಕತ್ತಲೆ ಕತ್ತಲೆಯ ಅಂಗಡಿ, ಟಯರುಗಳ ವಾಸನೆ.

"ಕುತ್ತಿಗೆಗೆ ಏನಾತಣ್ಣ?" ಎಂದ ಅಂಗಡಿಯವನು.

"ಕುತ್ತಿಗಿ ಕೇಳಿದ್ದಕ್ಕ ಕುತ್ತಿಗಿ ಹೋತು. ಇರ ಬರ ಸೆಟ್ಟೆಲ್ಲ ತಗಿ."

ಅವನು ಐದಾರು ಸೆಟ್ಟು ತಂದು ಗಲ್ಲೆಯ ಮೇಲೆ ಸುರಿದ. ನನಗೋ ತಲೆ ಬಗ್ಗುವುದಿಲ್ಲ. ಕಣ್ಣೆದುರು ಇದ್ದದ್ದು ಗೋಡೆಯ ಮೇಲಿನ ಕ್ಯಾಲೆಂಡರ್ ಮಾತ್ರ. ಹೊಳಪು ಯಾವುದು, ಮಾಸಿದ್ದು ಯಾವುದು, ಒಂದೂ ಕಾಣದು. ಸರಿ, ಕ್ಯಾಲೆಂಡರ್ ನೋಡುತ್ತಾ ಕೈಗೆ ಬಂದ ಬಟ್ಟಲನ್ನು ಎತ್ತಿಕೊಂಡೆ.

ನನ್ನ ಜೀವನದಲ್ಲಿ ಮೊದಲ ಸಲ ನನ್ನ ಕೈಗಳು ನಿಧಾನವಾದವು. ಬಟ್ಟಲೊಳಗೆ ಗುಂಡು ಓಡುವ ಹಾದಿಯಲ್ಲಿ ಹೆಬ್ಬೆರಳಿನ ಉಗುರನ್ನು ಸುತ್ತಲೂ ಓಡಿಸಿದೆ. ಮೊದಲನೆಯದರಲ್ಲಿ ಉಗುರು ಎರಡು ಕಡೆ ತಡೆಯಿತು. ಎರಡನೆಯದರಲ್ಲಿ ಅಂಚು ಒರಟು. ಮೂರನೆಯದು ನುಣ್ಣಗಿತ್ತು, ಆದರೆ ಅಂಗಡಿಯವನ ಅರ ಇಸಿದುಕೊಂಡು ಮೂಲೆಯಲ್ಲಿ ಒಂದು ಎಳೆ ಎಳೆದರೆ ಕರ್ ಎಂದು ಕಚ್ಚಿತು. ಮೆತ್ತನೆಯ ಲೋಹವನ್ನು ಅರ ಕಚ್ಚುತ್ತದೆ, ಗಟ್ಟಿ ಉಕ್ಕಿನ ಮೇಲೆ ಜಾರುತ್ತದೆ. ಕೊಟ್ಟೂರಿನ ಕನ್ನಡಿಗೆ ಈ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ನಾನು ಅದರಲ್ಲಿ ಮೀಸೆ ನೋಡಿಕೊಂಡಿದ್ದೆ.

ಐದನೆಯದು ಎಣ್ಣೆ ಕಾಗದದಲ್ಲಿ ಸುತ್ತಿತ್ತು, ಕೈಗೆ ಜಿಡ್ಡು ಹತ್ತಿತು. ಉಗುರು ಒಂದು ಸುತ್ತು ಹೋಯಿತು, ಎರಡು ಸುತ್ತು, ಎಲ್ಲೂ ನಿಲ್ಲಲಿಲ್ಲ. ಅರ ಜಾರಿತು. ಬೆರಳ ತುದಿಯಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ತಟ್ಟಿದೆ. ಟಿಣ್ ಅಂದಿತು, ಅನ್ನುತ್ತಲೇ ಇತ್ತು. ಫೋರ್ಕಿನ ಹಳೆಯ ನಟ್ಟನ್ನು ಜೇಬಲ್ಲಿ ತಂದಿದ್ದೆ, ಮರೆ ಹೋಲಿಸಿದೆ, ಹೊಂದಿತು. ಹಳೆಯ ಬಟ್ಟಲಿನ ಹೊರಸುತ್ತಿಗೆ ದಾರ ಸುತ್ತಿ ಅಳೆದೆ, ಅದೂ ಹೊಂದಿತು.

"ಇದು."

"ಅದು ಬ್ಯಾಡಣ್ಣ, ಕಪ್ಪಗೈತೆ, ಹಳೇ ಮಾಲು. ಇದು ತಗ, ಹೊಳಿತೈತೆ ನೋಡು."

"ನನಗ ಕಾಣಂಗಿಲ್ಲ ತಮ್ಮಾ. ಅದ ನನ್ನ ಪುಣ್ಯ."

ಕೊಟ್ಟೂರಿನ ಶಾಪಿನ ಯಜಮಾನ ಅದನ್ನು ಕೈಯಲ್ಲಿ ಹಿಡಿದು ತಲೆದೂಗಿದ. ಬಟ್ಟಲುಗಳನ್ನು ಮರದ ತುಂಡು ಅಡ್ಡವಿಟ್ಟು ಬಡಿದು ಕೂಡಿಸಿದ. ಗ್ರೀಸ್ ಸವರಿ ಗುಂಡುಗಳನ್ನು ಒಂದೊಂದೇ ಅಂಟಿಸಿದ. ಕೊನೆಗೆ ಒಂದು ಗುಂಡಿನಷ್ಟು ಜಾಗ ಖಾಲಿ ಬಿಟ್ಟ. ಒತ್ತಿ ತುಂಬಿದರೆ ಒಂದನ್ನೊಂದು ತಿಕ್ಕುತ್ತವೆ, ಅವಕ್ಕೂ ಸ್ವಲ್ಪ ಸಡಿಲ ಬೇಕು ಎಂದ. ನಟ್ಟು ಬಿಗಿದು ಮುಂದಿನ ಗಾಲಿ ಎತ್ತಿ ಹಿಡಿದ. ನಾನು ಹ್ಯಾಂಡಲ್ ನನ್ನ ಎಡಮಗ್ಗುಲಿಗೆ, ಮುಖ ತಿರುಗಿದ್ದ ಕಡೆಗೇ ಬರುವಂತೆ ನಿಂತು ಅದರ ಮೇಲೆ ಬಾಯಿಂದ ಊದಿದೆ. ಊದಿದ ಗಾಳಿಗೇ ತಿರುಗಿತು. ಸುಳ್ಳಲ್ಲ. ನಾನು ಬೇರೆ ಎಲ್ಲದರಲ್ಲೂ ಸುಳ್ಳು ಹೇಳುತ್ತೇನೆ, ಕುತ್ತಿಗೆಯ ವಿಷಯದಲ್ಲಿ ಇಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಮೊದಲೇ ನಡೆದು ಹೋಗಿದ್ದಳು. ಮಿಲ್ಲಿನ ಗೇಟಿನ ಮುಂದೆ ಹೆಂಗಸರೆಲ್ಲ ಸೇರಿದ್ದರು. ಇಂಥ ಸಭೆ ಬಿಡಲಾಗುತ್ತದೆಯೇ? ದೂರದಿಂದಲೇ ಎರಡೂ ಕೈ ಎತ್ತಿ ಬಂದೆ. ಮುಖ ಎಡಕ್ಕೆ, ಸೈಕಲ್ ನೆಟ್ಟಗೆ. ರುಮಾಲು ಬಿಚ್ಚಿದೆ, ಕೊಡವಿದೆ, ಸುತ್ತಿದೆ.

"ಅಣ್ಣಾ, ಅತ್ತ ನೋಡಿ ಇತ್ತ ಹೊಡಿತೀಯಲ್ಲೋ!"

"ಕುತ್ತಿಗಿ ಚಲೋ ಇದ್ರ ಕಣ್ಣು ಯಾಕ ಬೇಕವ್ವಾ?"

ಗೇಟಿನ ಮುಂದೆ ಒಂದು ಸುತ್ತು ಹಾಕಿ, ಹೆಂಡತಿ ನಿಂತಲ್ಲಿಗೆ ಬಂದು ಇಳಿದೆ. ಅವಳು ಎಡಗಡೆಗೆ ಇದ್ದಳು.

"ನೋಡಿದಿ? ಐದೂರಾಗ ಇಂಥ ಕುತ್ತಿಗಿ ಇಲ್ಲ. ಸಂಜಿಗಿ ಹತ್ತು."

ಅವಳು ಬಗ್ಗಿ ಮುಂದಿನ ಗಾಲಿಯನ್ನು ಸ್ವಲ್ಪ ಎತ್ತಿ, ಹ್ಯಾಂಡಲನ್ನು ಒಂದು ಬೆರಳಲ್ಲಿ ನೂಕಿದಳು. ಅದು ಸುಯ್ ಅಂತ ತಿರುಗಿ ಅವಳ ಕೈಗೇ ಬಂತು.

"ಭಾಳ ಚಲೋ ಐತಿ" ಅಂದಳು. "ಹಳೇದು ಹಾಕಿಸ್ರಿ."

"ಏನು?"

"ಹಿಡಿತಿತ್ತಲ್ಲ, ಆ ಹಳೇ ಕುತ್ತಿಗಿ. ಅದು ಇದ್ರ ನೀವು ಕೈ ಬಿಡಾಕ ಅಂಜ್ತೀರಿ. ಇದು ಇದ್ರ ನೀವು ಕೈ ಇಡಂಗಿಲ್ಲ."

"ಹುಚ್ಚಿ! ಹಳೇದು ಇದ್ದಾಗನ ಬಿದ್ದದ್ದು ನಾವು." ಸಿಕ್ಕಿಬಿದ್ದಳು ಎಂದುಕೊಂಡೆ.

"ಅದನ್ನ ಕೇಳಬೇಕು ಅಂತ ಇಷ್ಟು ದಿನದಿಂದ ಇದ್ದೆ. ಕುತ್ತಿಗಿ ಹಿಡಿತೈತಿ ಅಂತ ಅವತ್ತು ನಿಮಗ ಗೊತ್ತಿತ್ತೋ ಇಲ್ಲೋ?"

ಬೇರೆ ಯಾವ ದಿನವಾದರೂ ಮುಖ ಆಚೆ ತಿರುಗಿಸಿ, ಯಾರನ್ನೋ ಕರೆದು, ಬೆಲ್ ಹೊಡೆದು ತಪ್ಪಿಸಿಕೊಳ್ಳುತ್ತಿದ್ದೆ. ಅವತ್ತು ತಿರುಗಲು ಕುತ್ತಿಗೆಯೇ ಇರಲಿಲ್ಲ. ಅದು ಎಡಕ್ಕೆ ಹಿಡಿದಿತ್ತು, ಎಡಕ್ಕೆ ಅವಳು ನಿಂತಿದ್ದಳು. ಮೊಣಕೈಯಲ್ಲಿ ಮುಳ್ಳು ಕಿತ್ತ ಕಪ್ಪು ಚುಕ್ಕೆಗಳು ಇನ್ನೂ ಮಾಸಿರಲಿಲ್ಲ.

"ಗೊತ್ತಿತ್ತು" ಅಂದೆ. "ಒಂದ ತಿಂಗಳಿಂದ ಹಿಡಿತಿತ್ತು."

"ಗೊತ್ತಿದ್ದೂ ಬಿಟ್ರಿ."

"ಬಿಟ್ಟೆ."

"ಯಾಕ?"

"ಅವರೆಲ್ಲ ನೋಡಾಕತ್ತಿದ್ರು."

ಅವಳು ತಲೆ ಅಲ್ಲಾಡಿಸಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಅಂದು ತೂಕದ ಕಟ್ಟೆಯಲ್ಲಿ ಮೂರು ಸಲ ತಪ್ಪು ಕಲ್ಲು ಇಟ್ಟೆ.

ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಮನೆಯ ದಾರಿ ಹಿಡಿಯದೆ ನೇರ ಬೇವಿನ ಮರದ ಕೆಳಗಿನ ಶಾಪಿಗೆ ಹೋದಳು. ನಾನು ಸೈಕಲ್ ತಳ್ಳಿಕೊಂಡು ಹಿಂದೆ.

"ಅಣ್ಣಾರ, ಇದನ್ನ ಬಿಗಿ ಮಾಡಾದು ಯಾವ ನಟ್ಟು?"

"ಮ್ಯಾಲಿಂದು ತಂಗೆಮ್ಮ. ಯಾಕ, ಸಡಲ ಐತೇನು?"

"ಬಿಗಿ ಮಾಡ್ರಿ. ಇನ್ನಷ್ಟು. ಇನ್ನಷ್ಟು."

"ಗುಂಡು ಬಟ್ಟಲ ತಿಂತಾವಮ್ಮ! ಇಂಥ ಕುತ್ತಿಗಿ ಇವರಿಗಿ ಮತ್ತ ಸಿಗಂಗಿಲ್ಲ."

"ಬಟ್ಟಲ ತಿಂದ್ರ ತಿನ್ಲಿ. ಜಾಲಿ ಗಿಡದಾಗ ನನ್ನ ತಿಂದಿದ್ದು ಸಾಕು."

ಯಜಮಾನ ನನ್ನನ್ನು ನೋಡಿದ. ನಾನು ಎಡಕ್ಕೆ ನೋಡುತ್ತಿದ್ದೆ. ಅವನು ಅರೆ ಸುತ್ತು ಬಿಗಿದ. ಅವಳು ಬೆರಳಲ್ಲಿ ನೂಕಿದಳು, ಹ್ಯಾಂಡಲ್ ಅರ್ಧಕ್ಕೆ ಹೋಗಿ ಸೋಮಾರಿ ಎತ್ತಿನಂತೆ ನಿಂತಿತು. "ಇಷ್ಟ ಇರ್ಲಿ" ಅಂದಳು. ಆಮೇಲೆ ಕೈ ಚಾಚಿದಳು. "ಆ ಸ್ಪ್ಯಾನರ್ ಕೊಡ್ರಿ. ಇದು ನಮ್ಮನ್ಯಾಗ ಇರಬೇಕು."

ಅವನು ಕೊಟ್ಟ. ಅವಳು ಅದನ್ನು ರೊಟ್ಟಿ ಗಂಟಿನಲ್ಲಿ ಕಟ್ಟಿಕೊಂಡಳು. ಕಟ್ಟಿಕೊಂಡು ಕ್ಯಾರಿಯರ್ ಹತ್ತಿ ಕೂತಳು.

ಸೀಟಿನ ಸ್ಪ್ರಿಂಗು ಕಿರ್ ಅಂದಿತು. ಎಷ್ಟೋ ದಿನದಿಂದ ಕೇಳದಿದ್ದ ಸದ್ದು. ಸೈಕಲ್ಲಿಗೆ ಹಿಂದಿನ ಭಾರ ಬಂದ ಕೂಡಲೇ ಅದು ನೆಟ್ಟಗಾಯಿತು. ಹ್ಯಾಂಡಲ್ ತಿರುಗಿಸಲು ಎರಡೂ ತೋಳಿನ ಬಲ ಬೇಕಾಯಿತು, ಐದೂರು ಸುತ್ತಿ ತಂದ ಕುತ್ತಿಗೆಯಲ್ಲಿ ಗುಂಡುಗಳು ಒಂದಕ್ಕೊಂದು ಉಸಿರು ಕಟ್ಟಿ ತಿಕ್ಕುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ನೀರಿನ ಟ್ಯಾಂಕು, ಮುರುಕು ಗೋಡೆ, ದಾಸವಾಳ, ಒಂದೊಂದೇ ಹಿಂದೆ ಸರಿದವು. ಕೈಗಳು ಚಡಪಡಿಸಿದವು. ಬಲಗೈಯ ಕಿರುಬೆರಳು ಹ್ಯಾಂಡಲ್ಲಿನಿಂದ ಎದ್ದಿತು, ಅಷ್ಟೇ.

"ಎರಡೂ ಕೈ" ಎಂದಿತು ಹಿಂದಿನ ಧ್ವನಿ.

ಅವಳಿಗೆ ಹೇಗೆ ತಿಳಿಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಬಗ್ಗಿದೆ ಎಂದುಕೊಳ್ಳಬೇಡಿ. ವಾರಕ್ಕೊಂದು ಸಲ, ಅವಳು ನೀರಿಗೆ ಹೋದಾಗ, 'ಕುತ್ತಿಗಿಗಿ ಗ್ರೀಸ್ ಹಾಕ್ತೀನಿ' ಎಂದು ಶಾಪಿಗೆ ಹೋಗಿ ಆ ನಟ್ಟನ್ನು ಒಂದು ಕೂದಲೆಳೆಯಷ್ಟು ಸಡಿಲ ಮಾಡಿಸಿಕೊಂಡು ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಅವಳು ಕೂರುವ ಮೊದಲು ಮುಂದಿನ ಗಾಲಿ ಎತ್ತಿ ಬೆರಳಲ್ಲಿ ನೂಕುತ್ತಿದ್ದಳು. ಹ್ಯಾಂಡಲ್ ಹೇಳಬೇಕಾದದ್ದನ್ನು ಹೇಳುತ್ತಿತ್ತು. ಅವಳು ಗಂಟು ಬಿಚ್ಚಿ ಸ್ಪ್ಯಾನರ್ ತೆಗೆದು ಅದೇ ಕೂದಲೆಳೆಯಷ್ಟು ಬಿಗಿದು, ಮತ್ತೆ ಕಟ್ಟಿ, ಹತ್ತಿ ಕೂರುತ್ತಿದ್ದಳು. ಮಿಲ್ಲು ಮುಚ್ಚುವವರೆಗೂ ಹೀಗೇ ನಡೆಯಿತು. ಅಷ್ಟು ವರ್ಷ ನನ್ನ ಮಧ್ಯಾಹ್ನದ ರೊಟ್ಟಿಗೆ ಕಬ್ಬಿಣದ ವಾಸನೆ ಇತ್ತು. ಒಂದು ದಿನವೂ ಅದರ ಮಾತೆತ್ತದೆ ತಿಂದೆ.